ಯಾವ ಕಿಟಕಿಯ ಹತ್ತಿರ?

ತಬ್ರೀಜಿನ ಬಜಾರಿಗೆ ಇಟ್ಟಿಗೆಯ ಕಮಾನು ಸೂರು,
ಸೂರಿನ ನೆತ್ತಿಯಲ್ಲಿ ಪರಾತದಗಲ ತೂತು.
ಅಲ್ಲಿಂದ ಇಳಿದ ಬಿಸಿಲುಕೋಲು
ಹತ್ತೂವರೆಗೆ ಮಸಾಲೆಯಂಗಡಿ,
ಹನ್ನೆರಡಕ್ಕೆ ನಮ್ಮ ಹೊಸ್ತಿಲು,
ಆಮೇಲೆ ಟೋಪಿ ಮಾರುವವನ ಪಾಲು.

ನನಗಾಗ ಹದಿನೇಳು. ರಫೂಗಾರ ಹೇಬತ್ ಉಸ್ತಾದರ
ಮೂರು ವರ್ಷದ ಶಿಷ್ಯ.
ಹಿಮ ಕೊಡವುತ್ತ ಬಂದಳು ಫರಂಗೀಸ್,
ಕೂಲಿಯವನ ಹೆಗಲಲ್ಲಿ ಸುರುಳಿ ಸುತ್ತಿದ ರತ್ನಗಂಬಳಿ.
ಬಿಚ್ಚಿದರೆ ನಟ್ಟನಡುವಿನ ಕೆಂಪಿನಲ್ಲಿ
ನುಸಿ ತಿಂದ ತೂತು, ಅಂಗೈಯಷ್ಟು.
'ಅಮ್ಮನ ಮದುವೆಯದು,' ಅಂದಳು. 'ಗೊತ್ತಾಗಬಾರದು.'

ಉಸ್ತಾದರಿಗೆ ಜ್ವರ. ಸೂರಿನ ತೂತನ್ನು ಹಿಮ ಮುಚ್ಚಿದ್ದ ವಾರ.
ಕೆಂಪು ಆರಿಸಿದ್ದು ನಾನು, ಬಲ್ಬಿನ ಕೆಳಗೆ.
ಹತ್ತು ಲಡಿ ಬೇಡವಾಗಿ
ಹನ್ನೊಂದನೆಯದು ಹಾಲಿಗೆ ಹಾಲು ಬೆರೆತ ಹಾಗೆ ಕೂತಿತು.
ಒಂಬತ್ತು ದಿನ ಗಂಟು ಹಾಕಿದೆ,
ಸೂಜಿ ಚುಚ್ಚಿದ ಬೆರಳು ಚೀಪುತ್ತ, ನನ್ನನ್ನೇ ನಾನು ಮೆಚ್ಚುತ್ತ.

ಒಯ್ದವಳು ಮೂರನೇ ದಿನಕ್ಕೆ ಹಿಂದೆ ಬಂದಳು:
'ಬಡಗಣ ಕಿಟಕಿಯ ಹತ್ತಿರ ಹಾಸಿದರೆ
ನಿನ್ನ ತೇಪೆ ನೇರಳೆಗೆ ತಿರುಗುತ್ತದೆ.
ಬೀಗರೂಟಕ್ಕೆ ಕರೆಯದೆ ಬಂದು ಕೂತವನ ಹಾಗೆ
ಅದೊಂದೇ ಕಾಣುತ್ತದೆ.'

ಉಸ್ತಾದರು ಬೈಯಲಿಲ್ಲ. ಕೆಮ್ಮಿದರು.
ಬಿಸಿಲುಕೋಲು ಹೊಸ್ತಿಲಿಗೆ ಬರುವ ತನಕ ಕಾದು
ಎರಡು ಎಳೆ ಎತ್ತಿ ಹಿಡಿದರು:
ಒಂದು ಮಂಜಿಷ್ಠದ ಬೇರು ಕುದಿಸಿ ಅದ್ದಿದ್ದು,
ಒಂದು ಕಾರ್ಖಾನೆಯ ಡಬ್ಬಿಯದು.
ಬಲ್ಬಿನಡಿ ಅವಳಿಜವಳಿ.
ಇಲ್ಲಿ ಒಂದನ್ನೊಂದು ಕಂಡರಿಯವು.

'ನೂಲಿನೊಳಗೆ ಕೆಂಪು ಇಲ್ಲ ಕಣೋ, ಹಸಿವಿದೆ.
ಬಿಸಿಲು ಬಡಿಸಿದ್ದರಲ್ಲಿ
ಈ ಬೇರಿನದು ಹಸಿರು ತಿನ್ನುತ್ತದೆ, ನೀಲಿ ತಿನ್ನುತ್ತದೆ,
ಒಲ್ಲದ್ದನ್ನು ತಟ್ಟೆಯಂಚಿಗೆ ದೂಡುತ್ತದೆ.
ಆ ಎಂಜಲಿಗೆ ನಾವು ಕೆಂಪು ಅಂತ ಹೆಸರಿಟ್ಟು
ಗಜಕ್ಕಿಷ್ಟು ಅಂತ ಮಾರುತ್ತೇವೆ.
ಬಲ್ಬು ಬಡವ. ಅವನ ಅಡುಗೆಮನೆಯಲ್ಲಿ
ನೀಲಿ ಬರೀ ಚಿಟಿಕೆಯಷ್ಟು.
ನಿನ್ನ ಡಬ್ಬಿಯ ನೂಲಿಗೆ ನೀಲಿ ಸೇರದೆಂದು
ಅವನಿಗೆ ಹೇಗೆ ತಿಳಿಯಬೇಕು?
ಬಡಿಸಲೇ ಇಲ್ಲವಲ್ಲ.'

'ಹಾಗಾದರೆ ಕತ್ತಲಲ್ಲಿ?' ಅಂದೆ.
'ಕತ್ತಲಲ್ಲಿ ಉಪವಾಸ.'

ಆಮೇಲೆ ಅವಳ ಕಡೆ ತಿರುಗಿ,
'ಆ ಕಿಟಕಿಯ ಹತ್ತಿರ ಕೂರುವವರು ಯಾರಮ್ಮ?'
'ಅಮ್ಮ.'
'ಅವರೇನಂದರು?'
'ಅಮ್ಮನಿಗೆ ತೇಪೆ ಕಾಣುವುದೇ ಇಲ್ಲ. ಕಣ್ಣಿಗೆ ಪೊರೆ.
ಲೋಕವೆಲ್ಲ ಚಹಾದ ಲೋಟದೊಳಗಿಂದ
ನೋಡಿದ ಹಾಗಿದೆಯಂತೆ.
ನೌರೂಜ್ ಕಳೆದ ಮೇಲೆ ಆಪರೇಶನ್.'

ಉಸ್ತಾದರು ಬೆರಳು ಮಡಚಿದರು. 'ಐದು ವಾರವಿದೆ.'

ಒಂಬತ್ತು ದಿನದ ಗಂಟು ಬಿಚ್ಚಲು
ಒಂದು ಮಧ್ಯಾಹ್ನ ಸಾಕಾಯಿತು.
ಆಮೇಲೆ ದಿನಕ್ಕೆ ಇಪ್ಪತ್ತೇ ನಿಮಿಷ,
ಬಿಸಿಲುಕೋಲು ನಮ್ಮದಾಗಿರುವಷ್ಟು ಹೊತ್ತು, ಎಳೆ ಆರಿಸುವುದು.
ಉಳಿದಂತೆ ಗಂಟು, ಗಂಟು, ಚಹಾ, ಗಂಟು.
ಮೋಡವಿದ್ದ ದಿನ ಅಂಗಡಿ ಗುಡಿಸಿದೆ.

ಬಾದಾಮಿ ಮರ ಹೂ ಉದುರಿಸುವ ಹೊತ್ತಿಗೆ
ಬಜಾರಿನ ನಡುದಾರಿಯಲ್ಲಿ ಮುದುಕಿಯೊಬ್ಬಳ ಜಗಳ ಕೇಳಿಸಿತು.
ಕಪ್ಪು ಕನ್ನಡಕ, ಹಿಂದೆ ಕೂಲಿಯವನು,
ಅವನ ಹಿಂದೆ ತಲೆ ತಗ್ಗಿಸಿದ ಫರಂಗೀಸ್.
'ಮಗಳು ನನ್ನದನ್ನು ಮಾರಿಕೊಂಡು
ಯಾರದ್ದೋ ಕಂಬಳಿ ತಂದು ಹಾಸಿದ್ದಾಳೆ!
ನನ್ನದರ ಅಂಚು ಕಂದು.
ಇದು ನೀಲಿ. ಅಯ್ಯೋ, ಇದೆಂಥ ನೀಲಿ!'

'ತಾಯೀ,' ಅಂದರು ಉಸ್ತಾದರು,
'ನಿಮ್ಮದಲ್ಲದಿದ್ದರೆ ಹೋಗಲಿ,
ತೇಪೆ ಎಲ್ಲಿದೆ ತೋರಿಸಿ ನೋಡೋಣ.'

ಮುದುಕಿ ಮಂಡಿಯೂರಿದಳು. ಕನ್ನಡಕ ತೆಗೆದಳು.
ಅಂಗೈಯಿಂದ ಸವರಿದಳು, ಮೂಗು ತಾಗುವಷ್ಟು ಬಾಗಿದಳು,
ಕೆಂಪಿನ ಮೇಲೆ ಎರಡು ಸಲ ಹಾದುಹೋದಳು.
ಅಂಚಿನ ಹತ್ತಿರ ಬಂದವಳು
ಹುಡುಕುವುದನ್ನೇ ಮರೆತಳು.

ಬಿಸಿಲುಕೋಲು ಟೋಪಿಯವನ ಕಡೆ ಸರಿಯತೊಡಗಿತು.
ಮುದುಕಿ ಕಂಬಳಿಯ ಮೂಲೆ ಹಿಡಿದು
ಅದರ ಹಿಂದೆ ಹಿಂದೆ ಎಳೆದಳು.
'ನೋಡುತ್ತ ನಿಂತೆಯಲ್ಲೋ,' ಅಂದಳು ನನಗೆ,
'ಹಿಡಿ ಆ ಕಡೆ.'